ಮೇಪಲ್ ಕಾಡಿನ ನೀಲಿ ಪೈಪು

ಮಾರ್ಚ್‌ನಲ್ಲಿ ಅಮೆರಿಕದ ವರ್ಮಾಂಟ್ ಕಡೆ ಹೋದರೆ ಮೇಪಲ್ ಮರಕ್ಕೆ ನೇತುಹಾಕಿದ ಬಕೆಟ್‌ಗಳನ್ನೇ ಹುಡುಕಬೇಡಿ. ಈಗ ಹೆಚ್ಚಾಗಿ ಕಾಣೋದು ಪೈಪು. ಮರದಿಂದ ಮರಕ್ಕೆ ತೆಳ್ಳನೆಯವು, ಅವೆಲ್ಲ ಬಂದು ಸೇರೋದು ಮೇನ್‌ಲೈನ್ ಅನ್ನೋ ದಪ್ಪ ಪೈಪಿಗೆ. ಅದು ಗುಡ್ಡ ಇಳಿದು ಸಿರಪ್ ಕಾಯಿಸುವ ಮನೆಗೆ ಹೋಗುತ್ತೆ. ಒಳಗೆ ಹಬೆ, ಸಿಹಿ ವಾಸನೆ, ಥೇಟ್ ನಮ್ಮ ಆಲೆಮನೆ!

ನಾನು ನೋಡಿದ ತೋಟದ ಅಜ್ಜನಿಗೆ ಮುಂದಿನ ವರ್ಷಕ್ಕೆ ಹೊಸ ಮೇನ್‌ಲೈನ್ ಬೇಕಿತ್ತು. ಮುಕ್ಕಾಲು ಇಂಚೋ, ಒಂದು ಇಂಚೋ? ಮುಕ್ಕಾಲು ಅಗ್ಗ, ಬರೀ ರಸ ಹರಿಯೋಕೆ ಸಾಕೂ ಸಾಕು. ಆದರೆ ಕೆಳಗಿರುವ ವ್ಯಾಕ್ಯೂಮ್ ಪಂಪು ಅದೇ ಪೈಪಿನಿಂದ ಗಾಳಿಯನ್ನೂ ಎಳೀಬೇಕಲ್ಲ? ತಳದಲ್ಲಿ ರಸ, ಮೇಲೆ ಗಾಳಿ. ಪೈಪು ತುಂಬಿಹೋದರೆ ಗುಡ್ಡದ ಮೇಲಿನ ಮರಗಳಿಗೆ ಎಳೆತ ತಲುಪಲ್ಲ. (ಬ್ಯಾಂಡ್‌ವಿಡ್ತ್ ಲೆಕ್ಕದಲ್ಲೇ ದಿನ ಕಳೆಯೋ ನನಗೆ ಇದು ತಕ್ಷಣ ಅರ್ಥವಾಯ್ತು.) ಇಳಿಜಾರು ಕನಿಷ್ಠ ಶೇ. 2 ಇರಬೇಕು. ಬಿಗಿಯಾದ ತಂತಿಗೆ ಪೈಪು ಕಟ್ಟೋದೂ ಅದಕ್ಕೇ. ಜೋತುಬಿದ್ದ ಕಡೆ ರಸ ನಿಂತು ರಾತ್ರಿ ಹೆಪ್ಪುಗಟ್ಟುತ್ತೆ.

ಬಣ್ಣಕ್ಕೂ ಲೆಕ್ಕ ಇದೆ. ಕಪ್ಪು ಪೈಪಿನ ಮಂಜು ಬೆಳಗ್ಗೆ ಬೇಗ ಕರಗುತ್ತೆ, ಆದರೆ ಬಿಸಿಲೇರಿದ ಮೇಲೆ ರಸ ಬೆಚ್ಚಗಾಗಿ ಕೆಡುತ್ತೆ. ಅಜ್ಜನ ಗುಡ್ಡಕ್ಕೆ ಇಡೀ ದಿನ ಬಿಸಿಲು, ಹಾಗಾಗಿ ನೀಲಿ.

ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕು, ಸೀಸನ್ ಇರೋದು ಕೆಲವೇ ವಾರ. ರಾತ್ರಿ ಹಿಮ, ಹಗಲು ಬಿಸಿಲು ಕೂಡಿಬಂದ ದಿನ ಎಳೆತ ಕಡಿಮೆಯಾದರೆ ಆ ರಸ ಹೋದಂಗೇ. ಅಜ್ಜ ಕೊನೆಗೆ ಆರಿಸಿದ್ದು ಎರಡೂ: ತುದಿಯ ಕೆಲವೇ ಮರಗಳಿಗೆ ಮುಕ್ಕಾಲು, ಎಲ್ಲ ಬಂದು ಕೂಡುವ ಕೆಳಭಾಗಕ್ಕೆ ಒಂದು ಇಂಚು.