ಬೀಜದ ಚೀಲ, ಬಿಲ್ಲು ಮತ್ತು ಗ್ರಾಹಕ ಆಯೋಗ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೊಲಗಳಲ್ಲಿ ಅಂಗಡಿಯಿಂದ ತಂದ ಬೀಜ ಮೊಳೆಯದೆ ಹೋದರೆ ಚೀಲದ ಬೆಲೆಯ ಜತೆಗೆ ಹಂಗಾಮಿನ ಗಳೆ, ಗೊಬ್ಬರ, ಕೂಲಿಯ ಖರ್ಚೂ ಮಣ್ಣುಪಾಲಾಗುವುದರಿಂದ, ದೋಷಯುಕ್ತ ಸರಕಿನ ವಿವಾದಗಳಲ್ಲಿ ಇಲ್ಲಿ ಮೊದಲು ಗಮನಿಸಬೇಕಾದದ್ದು ಬೀಜವನ್ನೇ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ, ಬೀಜ ಕೊಂಡ ರೈತನೂ ಕಾನೂನಿನ ಅರ್ಥದಲ್ಲಿ ಗ್ರಾಹಕನೇ ಎಂದೂ, ಕೊಂಡದ್ದನ್ನೆಲ್ಲ ಬಿತ್ತಿಬಿಡುವ ಅವನು ಪರೀಕ್ಷೆಗೆಂದು ಮಾದರಿ ಎತ್ತಿಡಬೇಕಿತ್ತೆಂದು ನಿರೀಕ್ಷಿಸಲಾಗದೆಂದೂ ಹೇಳಿತು. ಹೊಲದ ವಾಸ್ತವವನ್ನು ಅರಿತ ಈ ತೀರ್ಪು ಇನ್ನೂ ಹೆಚ್ಚು ಊರುಗಳಿಗೆ ತಲುಪಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ, ಅಂದರೆ ಕೊಳ್ಳುವವರಿಗೆ ಅನ್ಯಾಯವೆಸಗುವ ವ್ಯಾಪಾರಿ ನಡವಳಿಕೆ, ಎಂದು ಗುರುತಿಸುತ್ತದೆ; ವ್ಯಾಪಾರಿ ಬೇರೆ ಊರಿನವನಾಗಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೆ, ಈ ತಾಲ್ಲೂಕುಗಳವರು ಬೆಳಗಾವಿಗೆ, 2 ವರ್ಷದೊಳಗೆ ದೂರು ಕೊಡಬಹುದು; ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಉದ್ರಿ ತರುವವರಲ್ಲಿ ಅನೇಕರ ಕೈಗೆ ಬರುವುದು ಬರಿಯ ಚೀಟಿ. ಆದ್ದರಿಂದ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಸಿದ್ಧಗೊಂಡ ಬೀಜದ ಗುರುತು, ನಮೂದಾದ ಬಿಲ್ಲನ್ನು ಪಟ್ಟು ಹಿಡಿದು ಕೇಳಿ ಪಡೆದು, ಖಾಲಿ ಚೀಲದೊಂದಿಗೆ ಸುಗ್ಗಿಯವರೆಗೂ ಕಾದಿಡಬೇಕು. ಮೊಳಕೆ ಕಾಣದಿದ್ದರೆ ತಡಮಾಡದೆ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು ಹೊಲದ ಪರಿಶೀಲನೆ ಮಾಡಿಸಬೇಕು.