ಮುಯ್ಯಿ ಪುಸ್ತಕ

ಮಗಳ ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಮನೆಯಲ್ಲಿ ಉಳಿದದ್ದು ಅರ್ಧ ಡಬ್ಬ ಚಿರೋಟಿ ಮತ್ತು ಎರಡು ಪುಸ್ತಕ. ಒಂದು ಕರೆದವರ ಪಟ್ಟಿ, ಇನ್ನೊಂದು ಮುಯ್ಯಿ ಪುಸ್ತಕ. ಯಾರು ಏನು ಕೊಟ್ಟರೆಂದು ನೋಡಿಟ್ಟುಕೊಳ್ಳದಿದ್ದರೆ ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಯಾವ ಮುಖ ಹೊತ್ತು ಹೋಗುವುದು, ಹೇಳಿ!

"ಎರಡನ್ನೂ ಕಂಪ್ಯೂಟರಿಗೆ ಹಾಕಿ ಜೋಡಿಸಿಕೊಡ್ತೀನಮ್ಮ" ಎಂದ ಮಗ. ಮೊದಲಿಗೇ ತೊಡಕು. ನಮ್ಮ ಬಳಗದಲ್ಲಿ ಮೂವರು ಲಕ್ಷ್ಮಮ್ಮಂದಿರು. ಶಾಲೆಯ ಮಕ್ಕಳಿಗೆ ದಾಖಲಾತಿ ಸಂಖ್ಯೆ ಇರುವ ಹಾಗೆ ಮನೆಗೊಂದು ನಂಬರು ಕೊಡು ಎಂದೆ. "ಅದನ್ನೇ ಪ್ರೈಮರಿ ಕೀ ಅನ್ನೋದು" ಎಂದು ನಕ್ಕ. ಕರೆದವರ ಪಟ್ಟಿಯಲ್ಲಿ ಒಂದು ನಂಬರು ಒಂದೇ ಸಲ. ಮುಯ್ಯಿ ಪುಸ್ತಕದಲ್ಲಿ ಎಷ್ಟು ಸಲವಾದರೂ ಬರಬಹುದು. ಬೇರೆ ಬೇರೆ ಕವರು ಕೊಡುವ ಅತ್ತೆ ಸೊಸೆಯರು ಎಲ್ಲಿಲ್ಲ?

ಸಂಜೆ ಪಟ್ಟಿ ಬಂತು. ತಿಪಟೂರಿನ ನಮ್ಮಕ್ಕನ ಹೆಸರೇ ಇಲ್ಲ! ಹೂವಿನ ರುದ್ರಮ್ಮನದೂ ಇಲ್ಲ. ಅವಳು 101 ರೂಪಾಯಿ ಬರೆಸಿದ್ದನ್ನು ನಾನೇ ನೋಡಿದ್ದೆ.

ಮಗ ಮಾಡಿದ್ದು ಇನ್ನರ್ ಜಾಯಿನ್ ಅಂತೆ. ಎರಡೂ ಪುಸ್ತಕದಲ್ಲಿ ಇದ್ದವರು ಮಾತ್ರ ಅದರಲ್ಲಿ ಉಳಿಯುತ್ತಾರೆ. ಅಕ್ಕನನ್ನು ಕರೆದಿದ್ದೆವು, ಮುಯ್ಯಿ ಬರೆಸಿರಲಿಲ್ಲ. ರುದ್ರಮ್ಮ ಮುಯ್ಯಿ ಬರೆಸಿದ್ದಳು, ಇಪ್ಪತ್ತು ವರ್ಷ ನಮ್ಮ ಬಾಗಿಲಿಗೆ ಹೂವು ತಂದವಳನ್ನು ಕರೆಯಲು ನಾನು ಮರೆತಿದ್ದೆ. ಲೆಫ್ಟ್ ಜಾಯಿನ್ ಮಾಡಿದರೆ ಕರೆದವರೆಲ್ಲ ಉಳಿಯುತ್ತಾರೆ, ಕೊಡಲಿ ಬಿಡಲಿ. ರೈಟ್ ಜಾಯಿನ್‌ನಲ್ಲಿ ಕೊಟ್ಟವರೆಲ್ಲ, ಕರೆದಿರಲಿ ಬಿಡಲಿ. ಫುಲ್ ಔಟರ್ ಎಂದರೆ ಯಾರನ್ನೂ ಬಿಡುವಂತಿಲ್ಲ. 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬವರು ಮಾಹಿತಿಯನ್ನು ಹೀಗೆ ಪಟ್ಟಿ ಪಟ್ಟಿಯಾಗಿಟ್ಟು ಜೋಡಿಸುವ ಬಗೆಯನ್ನು ಬರೆದರಂತೆ. ಮುಯ್ಯಿಯ ತಾಪತ್ರಯ ಅವರಿಗಿತ್ತೋ ಕಾಣೆ.

"ಯಾರನ್ನೂ ಬಿಡದ್ದನ್ನೇ ಮಾಡು" ಎಂದೆ. ಅಕ್ಕನ ಹೆಸರು ಬಂತು, ಎದುರಿಗೆ ಖಾಲಿ. ಸೊನ್ನೆ ಹಾಕು ಎಂದೆ. ನಿಜ ಹೇಳುತ್ತೇನೆ, ಒಂದು ರವಿಕೆ ಕಣವೂ ಇಲ್ಲವೇ ಎಂದು ಮನಸ್ಸಿನಲ್ಲಿ ಸಣ್ಣ ಮುನಿಸಿತ್ತು. ಭಾವ ಹಾಸಿಗೆ ಹಿಡಿದು ಅವರ ತೋಟ ಹೋದದ್ದು ಗೊತ್ತಿದ್ದೂ!

"ಸೊನ್ನೆ ಬೇರೆ, ಖಾಲಿ ಬೇರೆ ಅಮ್ಮ. ಸೊನ್ನೆ ಅಂದ್ರೆ ಕೊಟ್ಟಿಲ್ಲ ಅಂತ. ಖಾಲಿ ಅಂದ್ರೆ ಪುಸ್ತಕಕ್ಕೆ ಗೊತ್ತಿಲ್ಲ ಅಂತ. ಅದಕ್ಕೆ ನಲ್ ಅಂತಾರೆ." ಪರೀಕ್ಷೆಗೆ ಗೈರಾದವನಿಗೆ ಸೊನ್ನೆ ಹಾಕಬಾರದೆಂದು ಮೂವತ್ತು ವರ್ಷ ಹೇಳಿಕೊಂಡು ಬಂದವಳು ನಾನು.

ರಾತ್ರಿ ಮಗಳು ಫೋನು ಮಾಡಿದಾಗ ಕೇಳಿದೆ. "ದೊಡ್ಡಮ್ಮನಾ? ಸೀರೆ ಉಡಿಸುವಾಗ ಅಜ್ಜಿಯ ಮೂಗುಬೊಟ್ಟು ಕೈಗಿಟ್ಟರಲ್ಲಮ್ಮ. ಬರೆಸಬೇಡ ಅಂದರು."

ಮಗ ತುಂಬಲು ಹೊರಟ. ಹಾಗೇ ಇರಲಿ ಬಿಡು ಎಂದೆ.

ಮಾರನೆಯ ಬೆಳಗ್ಗೆ ಚಿರೋಟಿ ಡಬ್ಬ ಹಿಡಿದು, ರುದ್ರಮ್ಮನ ಮನೆ ಯಾವ ಓಣಿಯಲ್ಲಿದೆ ಎಂದು ಮೊದಲ ಸಲ ವಿಚಾರಿಸಿಕೊಂಡು ಹೊರಟೆ.