ಇಪ್ಪತ್ತನಾಲ್ಕು ಗುಲಗಂಜಿ

ಅಂಗಡಿಯವನು ನನ್ನನ್ನು ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ತಿಂಗಳುಗಳೇ ಕಳೆದವು, ಅದಿನ್ನೂ ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿದೆ.

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಮನೆಯಾಚೆ ದನ ಸಾಕುವ ರೈತನೊಬ್ಬನಿದ್ದಾನೆ. ಅವನ ಸೋಯಾ ಹೊಲದ ಅಂಚಿನುದ್ದಕ್ಕೂ ಗ್ರೌಂಡ್‌ಹಾಗ್‌ಗಳ ಬಿಲ. ಅಳಿಲಿನ ಬಳಗಕ್ಕೆ ಸೇರಿದ, ನಾಲ್ಕೈದು ಕಿಲೋ ತೂಗುವ ದುಂಡು ಪ್ರಾಣಿ ಅದು. ಫೆಬ್ರವರಿ 2ರಂದು ಇದೇ ರಾಜ್ಯದ ಪಂಕ್ಸಟಾನಿಯಲ್ಲಿ ಜನ ಸೇರಿ, ಅದು ತನ್ನ ನೆರಳು ಕಂಡಿತೋ ಇಲ್ಲವೋ ಎಂದು ನೋಡಿ ಚಳಿ ಇನ್ನೆಷ್ಟು ದಿನ ಎಂದು ತಿಳಿಯುತ್ತಾರೆ. ನಮ್ಮ ಹಲ್ಲಿಶಕುನದ ದಾಯಾದಿ ಅನ್ನಿ. ಆದರೆ ಬಿಲದಲ್ಲಿ ಹಸುವಿನ ಕಾಲು ಮುರಿಯುವ ಭಯ ಇರುವವನಿಗೆ ಶಕುನ ಬೇಡ. "ಬಂದು ಹೊಡಿ ಮಾರಾಯ" ಎಂಬರ್ಥದ ಮಾತು ಅವನಿಂದ ಬಂತು.

ಅಳಿಲಿಗೆಂದು ನನ್ನ ಬಳಿ .22 ರಿಮ್‌ಫೈರ್ ಇದೆ. ಐವತ್ತು ಗಜಕ್ಕೆ ನಂಬಬಹುದು. ಅಲ್ಲಿಗೆ ಗುರಿ ಹೊಂದಿಸಿದರೆ ನೂರು ಗಜ ತಲಪುವಷ್ಟರಲ್ಲಿ ಗುಂಡು ಅರ್ಧ ಅಡಿಯಷ್ಟು ಇಳಿದಿರುತ್ತದೆ. ಹೊಲದಾಚೆಯ ಬಿಲ ಇರುವುದು ನೂರಿಪ್ಪತ್ತು ಗಜದಲ್ಲಿ. ಅಷ್ಟು ದೂರಕ್ಕೆ ಅದರಿಂದ ಹೊಡೆದರೆ ಪ್ರಾಣಿ ಸಾಯುವುದಿಲ್ಲ, ಗಾಯ ಹೊತ್ತು ಬಿಲ ಸೇರುತ್ತದೆ. ಹಾಗಾಗಿ ತೋಟೆಯ ಬುಡದ ನಟ್ಟನಡುವೆ ಕೇಪಿರುವ ಸೆಂಟರ್‌ಫೈರ್ ರೈಫಲ್ ಕೊಳ್ಳಲು ಹೋದೆ. ಬಾಯಿ ತೆರೆಯುವ ಮೊದಲೇ .223 ಒಂದು ಕೈಗೆ ಬಂತು. "ಇದು ಎಲ್ಲದಕ್ಕೂ ಆಗುತ್ತೆ" ಎಂದ ಅಂಗಡಿಯವನು.

ಎಲ್ಲದಕ್ಕೂ ಆಗುವ ಕೋವಿ! ನಮ್ಮಜ್ಜ ಕೇಳಿದ್ದರೆ ಎಲೆಅಡಿಕೆ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದರು.

ವಿರಾಜಪೇಟೆ ಕಡೆಯ ನಮ್ಮ ಐನ್‌ಮನೆಯಲ್ಲಿ 12 ಬೋರಿನ ಜೋಡುನಳಿಗೆ ಕೋವಿಯೊಂದಿತ್ತು. ಕೋವಿ ಗೋಡೆಯ ಮೇಲೆ, ತೋಟೆಗಳು ಅಜ್ಜನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಅಜ್ಜನ ಸೊಂಟದಲ್ಲಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ಕೋವಿ ಪರವಾನಗಿಯ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಉಳಿದುಕೊಂಡು ಬಂದಿದೆ, ಈಗ 2029ರ ತನಕ ಇದೆ. ಅದರ ಪ್ರಕಾರ ಒಂದು ಕೋವಿಗೆ 500 ತೋಟೆ ಇಟ್ಟುಕೊಳ್ಳಬಹುದು. ಸರ್ಕಾರದ ಕೈ ಅಷ್ಟು ಧಾರಾಳ. ಅಜ್ಜನ ಕೈಯಿಂದ ಎರಡರ ಮೇಲೆ ಮೂರನೆಯದು ಹೊರಟಿದ್ದನ್ನು ನಾನು ಕಂಡಿಲ್ಲ. ಕೇಳಲು ಹೋದವರಿಗೆ ಮೊದಲು ಒಂದೇ ಮಾತು: "ಯಾವುದಕ್ಕೆ?" ಹಂದಿಗೆಂದರೆ ದಪ್ಪ ಚರೆಯ ಎಲ್‌ಜಿ. ಮೊಲಕ್ಕೆಂದರೆ ನಾಲ್ಕನೇ ನಂಬರು. ಕಾಡುಕೋಳಿಗೆ ಆರು. "ಏನಾದರೂ ಸಿಕ್ಕರೆ ನೋಡುವ" ಎಂದವನಿಗೆ ಬರಿಗೈ. ಸಂಜೆ ಖಾಲಿ ತೋಟೆ ವಾಪಸು ಕೊಟ್ಟು ಪ್ರತಿ ಈಡಿನ ಲೆಕ್ಕ ಒಪ್ಪಿಸಬೇಕು.

ನನಗಾಗ ಎಂಟು ವರ್ಷ. 1972ರ ವನ್ಯಜೀವಿ ಕಾಯ್ದೆ ಬರಲು ಇನ್ನೂ ಎರಡು ವರ್ಷವಿತ್ತು. ಚಿಕ್ಕಪ್ಪ ಮೊಲಕ್ಕೆಂದು ಹೋದವನು ಮುಸ್ಸಂಜೆಗೆ ಬಂದು, ಒಂದು ಈಡು ತಪ್ಪಿತು ಎಂದ. "ಎಷ್ಟು ದೂರ?" ಚಿಕ್ಕಪ್ಪ ಅಂಗಳದಾಚೆಯ ಹಲಸಿನ ಮರ ತೋರಿಸಿದ. ಅಷ್ಟು ದೂರಕ್ಕೆ ಚರೆ ಹರಡಿಹೋಗುತ್ತದೆ, ಮೈಗೆ ಒಂದೋ ಎರಡೋ ಕಾಳು ತಗಲುತ್ತದೆ, ಅಷ್ಟೆ. ಅಜ್ಜ ಕೋವಿಯನ್ನು ಗೋಡೆಗೆ ತೂಗಿಹಾಕಿದರು. ಲಾಟೀನು ಹಚ್ಚಿ, ನಾಯಿ ಕರೆದು, ನನ್ನನ್ನೂ ಕರೆದರು. ಗದ್ದೆಯಂಚಿನ ಲಂಟಾನದೊಳಗೆ ರಾತ್ರಿ ಊಟದ ಹೊತ್ತು ಮೀರುವ ತನಕ ಹುಡುಕಿದೆವು. ಸಿಗಲಿಲ್ಲ. ಬೆಳಗಿನ ಜಾವ ಮತ್ತೆ ಹೋದೆವು. ನಾಯಿಯೇ ತೋರಿಸಿತು. ಹಿಂಗಾಲು ಮುರಿದ ಮೊಲ ಇಡೀ ರಾತ್ರಿ ಬದುಕಿತ್ತು, ನಮ್ಮನ್ನು ಕಂಡಾಗಲೂ ಬದುಕಿತ್ತು. ಅದರ ಹೊಟ್ಟೆ ಏರಿಳಿಯುತ್ತಿದ್ದ ವೇಗ ನನಗೆ ಇವತ್ತಿಗೂ ಮರೆತಿಲ್ಲ. ಅಜ್ಜ ಅಲ್ಲೇ ಅದನ್ನು ಮುಗಿಸಿದರು.

ಚಿಕ್ಕಪ್ಪನನ್ನು ಬೈಯಲಿಲ್ಲ. ಆ ವರ್ಷದ ಕೈಲ್‌ಪೊಳ್ದ್ ಹಬ್ಬದ ದಿನ, ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡಿ, ಅದನ್ನು ಮೊದಲು ಚಿಕ್ಕಪ್ಪನ ತಮ್ಮನ ಕೈಗೆ ಕೊಟ್ಟರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಆ ಸಲ ಕಡಂಬುಟ್ಟನ್ನು ಎರಡಕ್ಕೇ ನಿಲ್ಲಿಸಿದ. ಅವನು ಹನ್ನೆರಡು ತಿನ್ನುವ ಆಸಾಮಿ.

ಆ ಕೋವಿ ಈಗ ಪೂಜೆಗೆ, ತೆಂಗಿನಕಾಯಿ ಪಂದ್ಯಕ್ಕೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗಿನ ಈಡಿಗೆ, ಸಾವಾದಾಗ ಎರಡು ಈಡಿಗೆ. ಹಾಗೇ ಇರಲಿ. ಬೇಟೆ ನಿಂತರೂ ಅಜ್ಜನ ಪ್ರಶ್ನೆ ನಿಲ್ಲಬಾರದು ಎಂಬುದಷ್ಟೇ ನನ್ನ ಹಟ.

ನಾನು ಆ .223 ಅನ್ನು ವಾಪಸು ಕೊಟ್ಟೆ. ಒಳ್ಳೆಯ ರೈಫಲ್ಲೇ ಅದು, ಆದರೆ 55 ಗ್ರೇನ್ ಗುಂಡನ್ನು ಸೆಕೆಂಡಿಗೆ 3,200 ಅಡಿ ಮೀರಿದ ವೇಗದಲ್ಲಿ ಎಸೆಯುತ್ತದೆ. ಬೇಗ ಅರಳುವ ಗುಂಡಾದರೆ ಗ್ರೌಂಡ್‌ಹಾಗ್‌ನಲ್ಲಿ ಸಾರಿಗೆ ಹಾಕಲು ಏನೂ ಉಳಿಯುವುದಿಲ್ಲ. ಎಳೆಯದರ ಕಂಕುಳಿನ ಗ್ರಂಥಿ ತೆಗೆದು, ಕಾಚಂಪುಳಿ ಹಾಕಿ ಮಾಡಿದರೆ ರುಚಿಯಾದ ಮಾಂಸ. ಕೊಂದ ಮೇಲೆ ತಿನ್ನದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಚೆಕ್ ದೇಶದ ಹಳೆಯ ಸಿ.ಝಡ್. 527 ಸಿಕ್ಕಿತು, .22 ಹಾರ್ನೆಟ್‌ನದು. ಹಾರ್ನೆಟ್ ಎಂದರೆ ಕಡಜ. ವಿಂಚೆಸ್ಟರ್ ಕಂಪನಿ 1930ರಲ್ಲಿ ಈ ತೋಟೆ ಮಾರತೊಡಗಿದಾಗ ಅದಕ್ಕೆಂದೇ ಮಾಡಿದ ರೈಫಲ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಮದುವಣಗಿತ್ತಿ ಮೊದಲು, ವರ ಆಮೇಲೆ. 45 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 2,700 ಅಡಿ. ನೂರೈವತ್ತು ಗಜಕ್ಕೆ ಅದರ ಸೀಮೆ ಮುಗಿಯಿತು. ನನಗೆ ಬೇಕಾದ್ದೂ ಅಷ್ಟೇ. ಅದರ ನಳಿಗೆಯ ತಿರುಪು ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು, ಉದ್ದನೆಯ ಭಾರದ ಗುಂಡು ಅದರಲ್ಲಿ ನೆಟ್ಟಗೆ ಹೋಗದು. ಪೂರ್ತಿ ತಾಮ್ರದ ಹೊದಿಕೆಯದು ಬೇಡ: ಪ್ರಾಣಿಯನ್ನು ಸೂಜಿಯಂತೆ ತೂರಿ ಹೋಗುತ್ತದೆ, ಕಲ್ಲಿಗೆ ಬಡಿದರೆ ಎತ್ತಲೋ ಚಿಮ್ಮುತ್ತದೆ. ಮೂತಿಯಲ್ಲಿ ಸೀಸ ಕಾಣುವ ಸಾಫ್ಟ್ ಪಾಯಿಂಟ್ ಆರಿಸಿದೆ. ಮನೆಗೆ ಬಂದು ಲೆಕ್ಕ ಹಾಕಿದೆ. 45 ಗ್ರೇನ್ ಎಂದರೆ ಮೂರು ಗ್ರಾಮಿಗೆ ತುಸು ಕಡಿಮೆ. ಅಜ್ಜಿ ಚಿನ್ನ ತೂಗಿಸುತ್ತಿದ್ದ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಗುಲಗಂಜಿ.

ಪೆಟ್ಟಿಗೆಯಲ್ಲಿ 50 ತೋಟೆ ಇದ್ದವು. ಈಗ 31 ಇವೆ. ಹದಿನೆಂಟು ಖರ್ಚಾದದ್ದು ನೂರು ಗಜದಾಚೆ ಮಣ್ಣದಿಬ್ಬಕ್ಕೆ ಅಂಟಿಸಿದ ಕಾಗದಕ್ಕೆ. ಹತ್ತೊಂಬತ್ತನೆಯದು ಕಳೆದ ಶನಿವಾರ ಸಂಜೆ, ನೂರಿಪ್ಪತ್ತು ಗಜ, ಕಿವಿಯ ಕೆಳಗೆ. ಹುಡುಕಬೇಕಾಗಲಿಲ್ಲ.